ತಾತಯ್ಯನ ಬಂದೂಕಿನ ತುಕ್ಕು

ಫೋನು ಇನ್ನೂ ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತಿದ್ದ ಕಾಲ. ಮಧ್ಯಾಹ್ನ ಕರೆಂಟು ಹೋದರೆ ಭೀಮುನಿಪಟ್ಟಣದ ನಮ್ಮ ಓಣಿಯ ಮಕ್ಕಳೆಲ್ಲ ಬೇವಿನ ಮರದ ಕೆಳಗೆ ಚೌಕಾಬಾರ ಆಡುತ್ತಿದ್ದೆವು. ಕಡಲ ಗಾಳಿ ಒಣಮೀನಿನ ವಾಸನೆ ಹೊತ್ತು ಬರುತ್ತಿತ್ತು. ಆ ಗಾಳಿಗೆ ಕಿಟಕಿಯ ಸರಳು, ಸೈಕಲ್ಲಿನ ಚೈನು, ಅಮ್ಮನ ಈಳಿಗೆಮಣೆ, ಎಲ್ಲಕ್ಕೂ ತುಕ್ಕು.

ಅಂಥ ಒಂದು ಬೇಸಿಗೆಯಲ್ಲಿ ಅಮ್ಮನ ತಂದೆ, ನಮ್ಮ ತಾತಯ್ಯ, ವಿಜಯವಾಡದಿಂದ ನಮ್ಮ ಮನೆಗೆ ಇರಲು ಬಂದರು. ಅಮ್ಮಮ್ಮ ತೀರಿಕೊಂಡಿದ್ದಳು. ಒಂದು ಟ್ರಂಕು, ಒಂದು ಭರಣಿ ಆವಕಾಯಿ, ಗೋಣಿತಾಟಿನಲ್ಲಿ ಸುತ್ತಿದ ಒಂದು ಬಂದೂಕು, ಇಷ್ಟೇ ಅವರ ಸಾಮಾನು. ನಳಿಗೆಯ ಬಾಯಿಂದಲೇ ಮದ್ದು, ಸೀಸದ ಚರೆ ತುಂಬಿ ಗಜವೆಂಬ ಉದ್ದ ಸರಳಿನಿಂದ ಜಡಿಯುವ ಹಳೇ ಬಂದೂಕು ಅದು. ಅವರ ಅಪ್ಪನ ಕಾಲದ್ದಂತೆ.

ಅಪ್ಪ ಗದಗ ಕಡೆಯವರು, ಕಾರ್ಖಾನೆಯೊಂದರಲ್ಲಿ ಫಿಟ್ಟರ್. ತೆಲುಗು ಚೆನ್ನಾಗಿಯೇ ಬರುತ್ತಿತ್ತು. ಆದರೂ ತಾತಯ್ಯನ ಜೊತೆ ಒಂದು ಮಾತೂ ಇಲ್ಲ. ಒಂದೇ ಪಡಸಾಲೆಯಲ್ಲಿ ಕೂತು ನನ್ನ ಕೈಲಿ ಹೇಳಿಸುತ್ತಿದ್ದರು.

“ಅವ್ವೀ, ನಿಮ್ಮ ತಾತಗ ಊಟಕ್ಕ ಏಳಾಕ ಹೇಳು.”

ಮೊಳ ದೂರದಲ್ಲಿದ್ದ ತಾತಯ್ಯ ನನ್ನನ್ನೇ ನೋಡಿ, “ಮೀ ನಾನ್ನನಿ ಮುಂದು ತಿನಮನು ಬುಜ್ಜೀ” ಎನ್ನುತ್ತಿದ್ದರು. ನಿಮ್ಮಪ್ಪನೇ ಮೊದಲು ಉಣ್ಣಲಿ ಅಂತ. ನಾನು ತಿರುಗಿ ಅಪ್ಪನಿಗೆ ಅದನ್ನೇ ಕನ್ನಡದಲ್ಲಿ ಹೇಳಬೇಕು. ಇಬ್ಬರಲ್ಲಿ ಯಾರಿಗೆ ಕಿವಿ ಕೇಳುವುದಿಲ್ಲ ಎಂದು ನನಗೆ ಗೊತ್ತಾಗುತ್ತಿರಲಿಲ್ಲ.

ಕೊನೆಗೆ ಅಮ್ಮನನ್ನೇ ಕೇಳಿದೆ. ಅಮ್ಮ ಅಪ್ಪನ ಕನ್ನಡವನ್ನೇ ಕಲಿತವಳು. ಅಕ್ಕಿ ಆರಿಸುತ್ತಾ ಹೇಳಿದಳು: “ನನ್ನ ಮದುವಿಗೆ ಕೇಳಾಕ ನಿಮ್ಮಪ್ಪ ವಿಜಯವಾಡದ ಗವರ್ನರ್‌ಪೇಟೆ ಮನಿಗೆ ಬಂದಿದ್ರಲ್ಲ, ಆಗ ತಾತಯ್ಯ ಗೋಡಿ ಮ್ಯಾಲಿನ ಆ ಬಂದೂಕು ತಗದು ಇವರ ಎದಿಗೆ ಹಿಡಿದ್ರು. ಖಾಲಿ ಇತ್ತಂತ. ಸುಮ್ನ ಹೆದರಿಸಾಕಂತ.”

ಖಾಲಿ ಬಂದೂಕಿಗೆ ಇಷ್ಟು ವರ್ಷದ ಸಿಟ್ಟೇಕೆ? ಅದೂ ತಿಳಿಯಲಿಲ್ಲ.

ಒಂದು ತಿಂಗಳಲ್ಲೇ ನಮ್ಮೂರ ಗಾಳಿ ಬಂದೂಕಿಗೂ ತಗುಲಿತು. ನಳಿಗೆಯ ಮೇಲೆ ಕೆಂಪು ಹುಡಿ. ತಾತಯ್ಯ ದಿನಾ ಪಂಚೆಯ ತುದಿಯಿಂದ ಒರೆಸುವರು, ಮರುದಿನ ಮತ್ತೆ ಕೆಂಪು. ಅಪ್ಪನಿಗೆ ತುಕ್ಕು ಹಿಡಿದ ಕಬ್ಬಿಣ ನೋಡಿಕೊಂಡು ಕೂರಲು ಆಗದು. ಒಂದು ಭಾನುವಾರ ಬೆಳಿಗ್ಗೆ ತಡೆಯಲಾರದೆ, “ಕಬ್ಬಿಣ ಕೊಳಿಯಾಕ ಹತ್ತೇತಿ, ನಾ ಸುದ್ದ ಮಾಡಿ ಕೊಡ್ತೀನಂತ ಹೇಳು ತಾತಗ” ಎಂದರು. ನಾನು ಬಾಯಿ ತೆರೆಯುವ ಮೊದಲೇ ತಾತಯ್ಯ ಬಂದೂಕನ್ನು ಅಪ್ಪನ ಮುಂದೆ ಚಾಪೆಯ ಮೇಲೆ ಇಟ್ಟರು.

ಅಪ್ಪ ಮೊದಲು ಗಜವನ್ನು ನಳಿಗೆಯೊಳಗೆ ಇಳಿಸಿ, ಬಾಯಿಯ ಹತ್ತಿರ ಬೆರಳಿನಿಂದ ಹಿಡಿದು, ಹೊರಗೆ ತೆಗೆದು ನಳಿಗೆಯ ಪಕ್ಕಕ್ಕೇ ಇಟ್ಟು ಅಳೆದರು. ಗಜ ಬುಡದವರೆಗೆ ಹೋಗಿರಲಿಲ್ಲ. ಒಳಗೆ ಏನೋ ಅಡ್ಡವಿತ್ತು. ಇನ್ನೊಮ್ಮೆ ಅಳೆದರು. ಮುಖ ಬಿಳಿಚಿತು.

“ನೀ ಒಳಗ ಹೋಗು.”

ನಾನು ಬಾಗಿಲ ಹಿಂದೆ ನಿಂತೆ. ಅಪ್ಪ ನಳಿಗೆಯ ಬಾಯನ್ನು ಹಿತ್ತಲ ಗೋಡೆಯತ್ತ ತಿರುಗಿಸಿ ಮೆಲ್ಲನೆ ಮಲಗಿಸಿದರು. ಆಮೇಲೆ, ನಾನು ಕಂಡಂತೆ ಮೊದಲ ಸಲ, ತಾತಯ್ಯನ ಮುಖ ನೋಡಿ ಮಾತಾಡಿದರು. ತೆಲುಗಿನಲ್ಲಿ.

“ಇಂದುಲೋ ಮಂದು ಉಂದಿ.” ಇದರಲ್ಲಿ ಮದ್ದಿದೆ. ನಾನು ಕೆಮ್ಮಿನ ಔಷಧಿ ಅಂದುಕೊಂಡೆ. “ಆ ರೋಜು ಕೂಡಾ ಉಂದಾ?”

ಆ ದಿನವೂ ಇತ್ತಾ?

ಅಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ತಾತಯ್ಯ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳಲಿಲ್ಲ.

“ಗುರ್ತು ಲೇದು, ಅಲ್ಲುಡೂ.”

ಜ್ಞಾಪಕವಿಲ್ಲ, ಅಳಿಯಾ. ಆಮೇಲೂ ಹೊಲದಲ್ಲಿ ಹಂದಿಗಳ ಕಾಟಕ್ಕೆಂದು ತುಂಬಿದ್ದೆ, ಇದು ಯಾವಾಗಿನದೋ, ಅಂದರು. ಅಪ್ಪನ ಹೆಗಲು ಕುಲುಕಿತು. ಅಳುತ್ತಿದ್ದಾರೆಂದು ನಾನು ಹೆದರಿದೆ, ನೋಡಿದರೆ ನಗುತ್ತಿದ್ದರು. ಅಳುತ್ತಾ ಒಳಗೆ ಹೋದದ್ದು ಅಮ್ಮ. ಯಾರ ಹಿಂದೆ ಹೋಗಬೇಕೆಂದು ತೋಚದೆ ನಾನು ಹೊಸ್ತಿಲ ಮೇಲೇ ಕೂತೆ.

ಅಪ್ಪ ನಳಿಗೆಗೆ ನೀರು ತುಂಬಿ ನೆನೆಸಿಟ್ಟು, ಮರುದಿನ ತಿರುಪಿನ ತುದಿಯ ಸರಳಿನಿಂದ ಒಳಗಿನದನ್ನು ಎಳೆದರು. ತೆಂಗಿನ ನಾರು, ಕರೀ ರಾಡಿ, ಸೀಸದ ಚರೆ ಬಂದವು. ಆಮೇಲೆ ಸೀಮೆಎಣ್ಣೆ ಹಚ್ಚಿ ಉಜ್ಜಿದರು. ನಳಿಗೆ ಬೆಳ್ಳಿಯಂತಾಯಿತು. ಮುಗಿಯಿತೆಂದು ನಾನು ಕುಣಿದರೆ, ಅಪ್ಪ ಅದಕ್ಕೆ ಉಪ್ಪುನೀರು ಸವರಿ ಹಿತ್ತಲಲ್ಲಿ ತೂಗುಹಾಕಿದರು! ಸಂಜೆಗೆ ಮತ್ತೆ ಕೆಂಪು.

“ಅಪ್ಪಾ, ತುಕ್ಕು ಬಂತು!”

“ಬರಲಿ. ನಾವಾಗೇ ತರಸಿದ ತುಕ್ಕವ್ವಾ ಅದು. ಕುದಿಸಿದ್ರ ಕರ್ರಗ ಆಗ್ತೇತಿ, ಆಮ್ಯಾಲೆ ಕೆಟ್ಟ ತುಕ್ಕು ಲಗೂನ ಹತ್ತೂದಿಲ್ಲ.”

ಇಟ್ಟಿಗೆಯ ಮೇಲೆ ತಗಡಿನ ಉದ್ದ ದೋಣಿ ಇಟ್ಟು, ಸರ್ವೆ ಸೌದೆಯ ಬೆಂಕಿಯಲ್ಲಿ ಕುದಿಸಿದರು. ಹಬೆಗೆ ರಕ್ತದಂಥ ವಾಸನೆ. ಉಜ್ಜುವುದು, ತುಕ್ಕು ಹಿಡಿಸುವುದು, ಮತ್ತೆ ಕುದಿಸುವುದು. ಆ ರಜೆ ಅದರಲ್ಲೇ ಹೋಯಿತು. ತಾತಯ್ಯ ಪಕ್ಕದಲ್ಲಿ ಕೂತು, “ಇಂಕೋಸಾರಿ, ಅಲ್ಲುಡೂ” ಎನ್ನುವರು. ಇನ್ನೊಂದು ಸಲ. “ಸರೇ ಮಾವಯ್ಯಾ” ಎನ್ನುವರು ಅಪ್ಪ. ನಾನು ಇಬ್ಬರ ನಡುವೆ ಕಾದು ನಿಂತರೂ ಯಾರೂ ನನ್ನ ಕೈಲಿ ಏನೂ ಹೇಳಿಸಲಿಲ್ಲ. ಸಂತೋಷವಾಗಬೇಕಿತ್ತು. ಯಾಕೋ ಬೇವಿನ ಮರದ ಹತ್ತಿರ ಹೋಗಿ ಅತ್ತೆ.

ಕೊನೆಗೆ ಬಿಸಿ ನಳಿಗೆಗೆ ಅಗಸೆ ಎಣ್ಣೆ ಹಚ್ಚಿದಾಗ ಅದು ನೇರಳೆಹಣ್ಣಿನ ಬಣ್ಣಕ್ಕೆ ಬಂತು. ತಾತಯ್ಯ ಅದನ್ನು ಮಗುವಿನ ಬೆನ್ನು ಸವರಿದಂತೆ ಸವರಿದರು.

ಕೆಲವು ವರ್ಷಕ್ಕೆ ತಾತಯ್ಯ ಆ ಮನೆಯಲ್ಲೇ ತೀರಿಕೊಂಡರು. ಲೈಸೆನ್ಸು ಅವರ ಹೆಸರಿನಲ್ಲಿತ್ತು. ಅಪ್ಪ ಬಂದೂಕನ್ನು ಇನ್ನೊಮ್ಮೆ ಎಣ್ಣೆ ಹಚ್ಚಿ ಒರೆಸಿ ಠಾಣೆಗೆ ಒಪ್ಪಿಸಿ ಬಂದರು. ಬಹಳ ದಿನದ ಮೇಲೆ ಅಪ್ಪನನ್ನು ಕೇಳಿದ್ದೆ, ಅವತ್ತು ಗವರ್ನರ್‌ಪೇಟೆಯಲ್ಲಿ ಹೆದರಿಕೆಯಾಗಲಿಲ್ಲವೇ ಎಂದು.

“ಆತಲ್ಲ ಮತ್ತ. ಓಡಿ ಹೋಗಬೇಕಂತ ಹೊಳ್ಳಿದ್ನಿ. ಬಾಗಲದಾಗ ನಿಮ್ಮವ್ವ ನಿಂತಿದ್ಲು.”

ಈಗ ಅಪ್ಪನೂ ಇಲ್ಲ. ಭೀಮುನಿಪಟ್ಟಣದ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಪೆಂಡುರ್ತಿಯ ನನ್ನ ಫ್ಲಾಟಿನಲ್ಲಿ ಎಲ್ಲರದೂ ತೆಲುಗು. ಕನ್ನಡ ಉಳಿದಿರುವುದು ನನಗೂ ಅಮ್ಮನಿಗೂ ನಡುವೆ ಮಾತ್ರ. ಮೊನ್ನೆ ಅಮ್ಮನಿಗೆ ಅಪ್ಪ ಹೇಳಿದ್ದನ್ನು ಹೇಳಿದೆ.

“ಬಾಗಲದಾಗ? ಇಲ್ಲಲ್ಲೇ. ನಾ ಹಿತ್ತಲದಾಗ ಕಿವಿ ಮುಚ್ಚಿಕೊಂಡು ಕುಂತಿದ್ನಿ. ಅವತ್ತ ಅವರ ಮುಖಾನ ನೋಡಿಲ್ಲ ನಾ.”

ಹಾಗಾದರೆ ಅಪ್ಪ ಬಾಗಿಲಲ್ಲಿ ಯಾರನ್ನು ಕಂಡರು? ಕೇಳಲು ಯಾರೂ ಉಳಿದಿಲ್ಲ. ಅಮ್ಮ ನನ್ನ ಹತ್ತಿರ ಸರಿದು ಕೂತಳು.

“ಏನಂದ್ರು ಅವರು? ಇನ್ನೊಮ್ಮೆ ಹೇಳು.”

ಅಪ್ಪನ ಮಾತನ್ನು ಅಪ್ಪನ ಹಾಗೇ ಇನ್ನೊಮ್ಮೆ ಹೇಳಿದೆ.