ಹಣೆಯ ಮೇಲಿನ ಜಾಲರಿ

ನಮ್ಮ ಇನ್‌ಸ್ಪೆಕ್ಷನ್ ಸಾರ್ ಅವರ ಹಣೆಯ ಮೇಲೆ ಬೆಳಗಿನ ಹೊತ್ತೆಲ್ಲ ಸಣ್ಣ ಸಣ್ಣ ಚೌಕಗಳ ಅಚ್ಚು ಇರುತ್ತಿತ್ತು. ಬಾಲ್ಕನಿಗಳಿಗೆಂದು ನೇಯ್ದ ತಂತಿಯ ಜಾಲರಿಯನ್ನು ಅವರು ಮುಖಕ್ಕೆ ಒತ್ತಿ ಹಿಡಿದು ಬೀದಿ ನೋಡುತ್ತಿದ್ದರು.

"ಮನೆಯೋರು ನೋಡೋದು ಹೀಗೇ ಅಲ್ವೇನಮ್ಮ? ಜಾಲರಿ ಕಾಣ್ಬಾರ್ದು, ಬೀದಿ ಕಾಣ್ಬೇಕು."

ಬಿ.ಎಸ್ಸಿ. ಮುಗಿಸಿ ಸುಂಕದಕಟ್ಟೆಯ ಆ ಜಾಲರಿ ಕಾರ್ಖಾನೆಗೆ ಸೇರಿದ ಹೊಸತರಲ್ಲಿ ನನಗೆ ಎಲ್ಲವೂ ಗೊಂದಲ. ಒಂದು ಅಂಗುಲದಲ್ಲಿ ಹತ್ತು ತೂತಿದ್ದರೆ ಹತ್ತು ಮೆಶ್. ಆದರೆ ತಂತಿ ದಪ್ಪವಾದರೆ ಅದೇ ಹತ್ತು ಮೆಶ್‌ನ ತೂತು ಕಿರಿದಾಗುತ್ತದೆ. ಬರೀ ಮೆಶ್ ಹೇಳಿ ಹೊರಡುವ ಗಿರಾಕಿಯನ್ನು ಸಾರ್ ಬಿಡುತ್ತಿರಲಿಲ್ಲ. ತೂತು ಅವರಿಗೆ ಕಿಟಕಿ, ತಂತಿ ಗೋಡೆ. "ಕಿಟಕಿ ಎಷ್ಟು ಅಂದ್ರಿ, ಸರಿ. ಗೋಡೆ ದಪ್ಪ ಎಷ್ಟು ಸ್ವಾಮಿ?"

ಭೂತಗನ್ನಡಿ ಇಟ್ಟು ತೂತು ಎಣಿಸುವುದನ್ನು ಮಾತ್ರ ಅವರು ಸದಾ ನನಗೇ ಬಿಡುತ್ತಿದ್ದರು. ನನ್ನನ್ನು ನಂಬುವುದಿಲ್ಲ, ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ.

ಒಮ್ಮೆ ಹೆಗ್ಗನಹಳ್ಳಿಯಿಂದ ಅಗರಬತ್ತಿ ಪುಡಿ ಮಾಡುವವರೊಬ್ಬರು ಜರಡಿಯ ಜಾಲರಿಗೆ ಬಂದರು. ಮಾದರಿಗೆಂದು ತಂದಿದ್ದು ಬಟ್ಟೆಯಷ್ಟು ನಯವಾದ ಜಾಲರಿ. ಓನರ್ ಪಕ್ಕದಲ್ಲೇ ನಿಂತಿದ್ದರು. ಕಣ್ಣು ಮಂಜಾಗಿ ತಪ್ಪು ನೇಯ್ದ ಒಬ್ಬರನ್ನು ಅವರು ಹಿಂದಿನ ತಿಂಗಳಷ್ಟೇ ಕೆಲಸದಿಂದ ಬಿಡಿಸಿದ್ದರು.

"ಎಷ್ಟು ಮೆಶ್ ನೋಡ್ರಿ" ಎಂದರು ಓನರ್.

ಸಾರ್ ಭೂತಗನ್ನಡಿ ಇಟ್ಟು ಬಗ್ಗಿದರು. ತುಂಬ ಹೊತ್ತು ಬಗ್ಗಿಯೇ ಇದ್ದರು. ಭೂತಗನ್ನಡಿ ಜಾಲರಿಯ ಮೇಲಿರಲಿಲ್ಲ. ಪಕ್ಕದ ರಟ್ಟಿನ ಮೇಲಿತ್ತು.

ಎಣಿಸುವ ಕೆಲಸ ಸದಾ ನನಗೇ ಏಕೆ ಬರುತ್ತಿತ್ತೆಂದು ಆಗ ಹೊಳೆಯಿತು.

ಅವರು ತಲೆ ಎತ್ತಿ ಭೂತಗನ್ನಡಿಯನ್ನು ನನ್ನತ್ತ ಚಾಚಿದರು. "ನೀನ್ ಹೇಳಮ್ಮ, ಕಲ್ತಿದೀಯೋ ಇಲ್ವೋ ನೋಡೋಣ."

ಎಣಿಸಿದೆ. "ನಲವತ್ತು ಸಾರ್."

"ತಂತಿ?"

ಅಳೆದು ಹೇಳಿದೆ.

"ಹಂಗಾದ್ರೆ ತೂತು?"

ಲೆಕ್ಕ ಹಾಕಿ ಅದನ್ನೂ ಹೇಳಿದೆ. ಓನರ್ ನಕ್ಕರು. "ಏನ್ರೀ, ಮೇಷ್ಟ್ರಾಗ್ಬಿಟ್ರಾ?"

"ಇನ್ನೇನ್ ಸಾರ್, ನಾನೇನ್ ಶಾಶ್ವತಾನಾ?"

ಸಂಜೆ ಮಾಗಡಿ ರಸ್ತೆಯ ಬಸ್ ಸ್ಟಾಪಿನಲ್ಲಿ ಇಬ್ಬರೂ ನಿಂತಿದ್ದೆವು. "ಬರ್ತಾ ಇರೋದು ಯಾವ ಬಸ್ಸು?" ಎಂದು ಕೇಳಿದರು. ಬೋರ್ಡು ಓದಿ ಹೇಳಿದೆ. "ನಾಳೆ ಬೇಗ ಬಾಮ್ಮ" ಎಂದಷ್ಟೇ ಹೇಳಿ ಹತ್ತಿದರು. ನನಗೆ ಗೊತ್ತಾಗಿದೆಯೆಂದು ಅವರಿಗೆ ಗೊತ್ತಿತ್ತೇ?

ಮುಂದೆ ನಾನು ಎಣಿಸದ ಜಾಲರಿ ಒಂದೂ ಹೊರಗೆ ಹೋಗಲಿಲ್ಲ. ಯುಗಾದಿಯ ನಂತರ ಅವರೇ ಕೆಲಸ ಬಿಟ್ಟರು. "ಈ ಹುಡುಗಿ ಇದಾಳಲ್ಲ" ಎಂದರಂತೆ ಓನರ್‌ಗೆ. ಅದಾದ ಮೂರನೆಯ ವರ್ಷ ತೀರಿಕೊಂಡರು.

ಅವರು ನನಗೆ ಕಲಿಸಿದರೋ ಅಥವಾ ನನ್ನ ಕಣ್ಣನ್ನು ಸಾಲ ತೆಗೆದುಕೊಂಡರೋ, ನನಗೆ ಇಂದಿಗೂ ತಿಳಿದಿಲ್ಲ. ಈಗ ಅವರ ಮೇಜಿನ ಮುಂದೆ ನಾನು ಕೂರುತ್ತೇನೆ. ಹೊಸದಾಗಿ ಸೇರಿದ ಹುಡುಗಿಯತ್ತ ಭೂತಗನ್ನಡಿ ಚಾಚಿ "ನೀನ್ ಹೇಳಮ್ಮ" ಎನ್ನುತ್ತೇನೆ. ನನ್ನ ಕಣ್ಣು ಚೆನ್ನಾಗಿಯೇ ಇದೆ.