ಮಷೀನಿನಾಗಿನ ಏಳನೇದಾಕಿ

ಬರ ಬಿದ್ದ ವರ್ಷ ನನ್ನ ಹೆಣ್ತಿ ಪುಣೆಕ್ಕ ಕೂಲಿಗಿ ಹೋಗಿದ್ಲು. ಅಲ್ಲಿಂದ ಆಕಿ ಫೋಟೊ ನಮ್ಮ ಔರಾದ ಆಫೀಸಿನ ಕ್ಲರ್ಕ್ ಮೇಡಂ, ನಾವು ಬಾಯಿಯವರು ಅಂತೀವಿ, ಅವರ ಈಮೇಲಿಗಿ ಬಂದಿತ್ತು. ಈಗ ಆಕಿ ಇಲ್ಲ. ನಾ ಅಲ್ಲೇ ಜವಾನ. ಸೋಮವಾರಕ್ಕೊಮ್ಮೆ ಬಾಯಿಯವರು ಫೋಟೊ ತೆಗೆದು ತೋರಸ್ತಾರ.

ಮೊನ್ನೆ ಬೀದರದಿಂದ ಕಂಪ್ಯೂಟರ್ ಸಾಹೇಬರು ಬಂದ್ರು. ನಮ್ಮ ಎಲ್ಲರ ಈಮೇಲಿನ ನಕಲು ಆಫೀಸಿನ ಒಂದೇ ಮಷೀನಿನಾಗ ಅದಾವ.

"ಜಾಗ ಸಾಲವಲ್ದು, ಹಳೇವು ತೆಗೀತೇನಿ. ಎಷ್ಟು ಮಂದಿ ಅದೀರಿ ಕಾಕಾ?"

ಆಕಿ ಫೋಟೊನೂ ಹಳೇದೇ ಇತ್ತು. "ಏಳು ಮಂದಿರಿ."

ಸಾಹೇಬರು ಕುರ್ಚಿ ಎಣಿಸಿದ್ರು. "ಆರೇ ಅದಾವಲ್ರಿ?"

"ಏಳನೇದಾಕಿ ನನ್ನ ಹೆಣ್ತಿರಿ."

ಬಾಯಿಯವರು ಫೋಟೊ ತೋರಿಸಿದ್ರು. ಸಾಹೇಬರು ನಕ್ಕರು.

"ಅಸಲು ಬೀದರದಾಗ ಇದ್ದೇ ಇರ್ತದ. ಇಲ್ಲಿ ನಕಲೂ ಇರಲಿ ಬಿಡ್ರಿ. ಇವರೇನು ಭಾಳ ಜಾಗ ಹಿಡಿಯಂಗಿಲ್ಲ."

ನಾನೂ ನಕ್ಕೆ. ಮನ್ಯಾಗ ಹಾಸಿಗಿ ಪೂರಾ ಆಕಿನೇ ಹಿಡೀತಿದ್ಲು ಅಂತ ಮಾತ್ರ ಹೇಳಲಿಲ್ಲ.