ಬೆಳಕು ನೋಡಲು ತೆಗೆದ ಫೋಟೊಗಳು

ಆ ಮಂಗಳವಾರವೂ ಮೊದಲ ಫೋಟೊ ನನ್ನ ಹೆಂಡತಿಯದೇ. ಪಾಂಡವಪುರದ ನಮ್ಮ ಸ್ಟುಡಿಯೊದಲ್ಲಿ ಗಿರಾಕಿಗಳು ಬರುವ ಮೊದಲು ಅವಳನ್ನು ಕೂರಿಸಿ ಲೈಟು ಸರಿಮಾಡಿಕೊಳ್ಳುವುದು ರೂಢಿ. ಕ್ಯಾಮೆರಾದಿಂದ ಉದ್ದನೆಯ ಕೇಬಲ್ಲೊಂದು ಕಂಪ್ಯೂಟರಿಗೆ ಹೋಗುತ್ತಿತ್ತು. ಕ್ಲಿಕ್ಕಿಸಿದ್ದು ಮರುಕ್ಷಣವೇ ಪರದೆಯ ಮೇಲೆ ಕಾಣುತ್ತಿತ್ತು. ಹಾಗಾಗಿ ಕ್ಯಾಮೆರಾಕ್ಕೆ ಮೆಮೊರಿ ಕಾರ್ಡು ಹಾಕುವುದನ್ನೇ ಬಿಟ್ಟಿದ್ದೆವು. ತೆಗೆದದ್ದೆಲ್ಲ ಕಂಪ್ಯೂಟರಿನಲ್ಲಿ ಮಾತ್ರ ಉಳಿಯುತ್ತಿತ್ತು.

“ಮೂಗಿನ ಕೆಳ್ಗೆ ಕಪ್ಪು ಬೀಳ್ತಾ ಅದೆ, ಲೈಟ್ನ ಒಸಿ ಮ್ಯಾಕೆ ಎತ್ರಿ,” ಅಂದಳು.

ಎತ್ತಿದೆ. ಅವಳು ಎದ್ದು ಹೋಗಿ ಕಂಪ್ಯೂಟರಿನ ಮುಂದೆ ಕುಳಿತಳು. ನಾಗಮಂಗಲದ ಕಡೆಯ ಯುವಕನೊಬ್ಬ ಹೆಣ್ಣಿನ ಮನೆಗಳಿಗೆ ಕಳಿಸಲು ಫೋಟೊ ತೆಗೆಸಿಕೊಳ್ಳಲು ಬಂದ. ಅವಳು ಪರದೆ ನೋಡಿ, “ಒಸಿ ನಗಣ್ಣ. ಇಂಗೆ ಮಖ ಗಂಟಾಕ್ಕಂಡಿದ್ರೆ ಯಾವ ಹೆಣ್ಣು ಒಪ್ಕತದೆ?” ಎಂದಳು. ಅವನು ನಕ್ಕ. ಆ ಫೋಟೊ ಚೆನ್ನಾಗಿ ಬಂತು.

ಮರುದಿನ ಬೆಳಿಗ್ಗೆ ಒಲೆ ಹಚ್ಚುವಾಗ ಎದೆ ಹಿಡಿದುಕೊಂಡಳು. ಮೈಸೂರಿಗೆ ಒಯ್ಯುವಾಗ, ಬಾಬುರಾಯನಕೊಪ್ಪಲು ದಾಟುವಷ್ಟರಲ್ಲಿ ಹೋಗಿಬಿಟ್ಟಳು.

ತಿಥಿ ಕಾರ್ಡಿಗೆ ಫೋಟೊ ಬೇಕಿತ್ತು. ಫೋಟೊ ತೆಗೆಯುವವರ ಮನೆಯಲ್ಲಿ ಫೋಟೊ ಇರುವುದಿಲ್ಲ. ಅವಳು ಹೋದ ಮೂರನೆಯ ದಿನ ಸ್ಟುಡಿಯೊಗೆ ಹೋಗಿ ಅವಳ ಬೆಳಗಿನ ಫೋಟೊಗಳಿದ್ದ ಫೋಲ್ಡರು ಹುಡುಕಿದೆ. ಇರಲಿಲ್ಲ. ನನ್ನ ಪಾಲುದಾರ, ಶಾಲೆಯಿಂದಲೂ ಗೆಳೆಯ, ಪಕ್ಕದಲ್ಲೇ ನಿಂತಿದ್ದ.

“ಅದ್ನ ನೆನ್ನೆ ಅಳಿಸ್ಬುಟ್ಟೆ ಕಣ್ಲಾ. ಮದ್ವೆ ಫೋಟೊ ತುಂಬಕ್ಕೆ ಜಾಗ ಇರ್ನಿಲ್ಲ.”

“ಅವಳ ಮಖ ಕಾಣ್ನಿಲ್ವಾ ನಿಂಗೆ?”

“ಕಾಣ್ತು. ಬೆಳಕು ನೋಡಕ್ಕೆ ತೆಗ್ದವು, ಅವೂ ಫೋಟೊನಾ? ಆಧಾರ್‌ದು ಅದ್ಯಲ್ಲ, ಅದ್ನೇ ದೊಡ್ಡದು ಮಾಡಾಣ ಬುಡು.”

ಅಳಿಸಿದ್ದನ್ನು ಮರಳಿ ತೆಗೆಯುವವರೊಬ್ಬರು ಮೈಸೂರಿನಲ್ಲಿದ್ದಾರೆ ಎಂದು ಕೇಳಿ ಹಾರ್ಡ್ ಡಿಸ್ಕು ಹೊತ್ತುಕೊಂಡು ಹೋದೆ. ಅಳಿಸಿದ ಜಾಗದಲ್ಲಿ ಯಾರದೋ ಮದುವೆ ಕೂತುಬಿಟ್ಟಿದೆ, ಏನೂ ಸಿಗುವುದಿಲ್ಲ ಎಂದರು.

ನಾನು ಜಗಳವಾಡಲಿಲ್ಲ. ಅವಳ ಕುರ್ಚಿಯಲ್ಲಿ ನಾನು ಕುಳಿತೆ. ಕ್ಯಾಮೆರಾ ಗೆಳೆಯನ ಕೈಗೆ ಹೋಯಿತು. ಅವನು ತೆಗೆದದ್ದೆಲ್ಲ ಕೇಬಲ್ಲಿನಲ್ಲಿ ಹರಿದು ನನ್ನ ಮುಂದೆ ಬಂದು ಬೀಳುತ್ತಿತ್ತು. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬುದು ಈಗ ನನ್ನ ಬೆರಳಿನಲ್ಲಿದೆ ಎಂದು ದಿನವೂ ಅಂದುಕೊಳ್ಳುತ್ತಿದ್ದೆ.

ಒಂದು ದಿನ ಅವನು ಶೀಳನೆರೆಯಿಂದ ತನ್ನ ತಾಯಿಯನ್ನು ಕರೆತಂದ. ಕೂರಿಸಿ ಹನ್ನೊಂದು ಫೋಟೊ ತೆಗೆದ.

“ಯಾಕ್ಲಾ ಇಷ್ಟೊಂದು? ಓಟಿಗೆ ನಿಲ್ಲುಸ್ತೀಯೇನ್ಲಾ ನನ್ನ?” ಎಂದು ಬೈದಳು ಆಕೆ. ಬೈಯುತ್ತಲೇ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಅಂಥ ಫೋಟೊ ನಮ್ಮ ಸ್ಟುಡಿಯೊದಲ್ಲಿ ಇನ್ನೊಂದು ಬಂದಿಲ್ಲ. ಹಬ್ಬಕ್ಕೆ ಪ್ರಿಂಟು ಹಾಕಿಸೋಣ ಎಂದ ಅವನು.

ಆ ಸಂಜೆಯೇ ಹನ್ನೊಂದನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡು ಕಂಪ್ಯೂಟರಿನಿಂದ ಅಳಿಸಿದೆ. ಆಕೆ ಸಾಯಲೆಂದು ನಾನು ಕಾಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಹಬ್ಬಕ್ಕೆ ಮೊದಲೇ ಆಕೆ ತೀರಿಕೊಂಡಳು. ಅವನು ತಲೆ ಬೋಳಿಸಿಕೊಂಡು ಸ್ಟುಡಿಯೊಗೆ ಬಂದ.

“ಅವ್ವನ ಫೋಟೊ ತೆಗಿ ಕಣ್ಲಾ, ತಿಥಿ ಕಾರ್ಡಿಗೆ ಕೊಡ್ಬೇಕು.”

“ಬೆಳಕು ನೋಡಕ್ಕೆ ತೆಗ್ದಿದ್ದಲ್ವಾ ಅವು? ಅಳಿಸ್ಬುಟ್ಟೆ. ಆಧಾರ್‌ದು ದೊಡ್ಡದು ಮಾಡಾಣ ಬುಡು.”

ನನ್ನನ್ನೇ ನೋಡಿದ. ಆಮೇಲೆ ಗಿರಾಕಿಗಳ ಬೆಂಚಿನ ಮೇಲೆ ಕುಳಿತು ಅತ್ತ. ನಾನು ಎದ್ದು ಹೋಗಲಿಲ್ಲ, ನೋಡುತ್ತಿದ್ದೆ. ಆ ಹೊತ್ತು ನನಗೆ ಹಿತವಾಗಿತ್ತು. ಈಗ ನೆನೆದರೂ ಹಿತವಾಗಿದೆ.

ಕಾರ್ಡಿನಲ್ಲಿ ಬಂದ ಮುದುಕಿ ಬೇರೆ ಯಾರೋ ಅನ್ನಿಸುವಂತಿದ್ದಳು. ಶೀಳನೆರೆಗೆ ಹೋಗಿ, ತಿಥಿ ಊಟ ಮಾಡಿ ಬಂದೆ.

ಪೆನ್‌ಡ್ರೈವು ನನ್ನ ಬೀರುವಿನಲ್ಲಿದೆ. ಕೊಡುವ ಮನಸ್ಸಿಲ್ಲ. ಒಮ್ಮೊಮ್ಮೆ ತೆರೆದು ನೋಡುತ್ತೇನೆ. ಅವನ ತಾಯಿಯ ಹನ್ನೊಂದೂ ಸರಿಯಾಗಿವೆ. ನನ್ನ ಹೆಂಡತಿಯದು ಒಂದೂ ಇಲ್ಲ.